ಎಂಜಿನ್ ತಿರುಗುತ್ತದೆ, ಚಾಲೂ ಆಗದು: ಕಾರಣವೇನು?



“ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು” ಎಂಬ ಮಾತನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಹಾವೇರಿ, ರಾಣೇಬೆನ್ನೂರು ಸೀಮೆಯಲ್ಲಿ ಮುಂಗಾರು ಮಳೆ ಬಿದ್ದು ಹೊಲ ಹದವಾಗಿದೆ, ಗೋವಿನಜೋಳದ ಬೀಜವೂ ಸಿದ್ಧವಿದೆ. ಟ್ರ್ಯಾಕ್ಟರಿನ ಕೀಲಿ ತಿರುವಿದರೆ ಎಂಜಿನ್ ಗರಗರನೆ ತಿರುಗುತ್ತದೆ, ಆದರೆ ಚಾಲೂ ಆಗುವುದಿಲ್ಲ. ಇಲ್ಲವೆ, ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೊರಟ ಗಾಡಿ ಮೋಟೆಬೆನ್ನೂರಿನ ಬಳಿ ನಿಂತುಬಿಡುತ್ತದೆ. ಆ ದಿನ ತಪ್ಪಿದರೆ ನಷ್ಟ ನಿಮ್ಮದೇ. ಮಿಸ್ತ್ರಿಯ ದಾರಿ ಕಾಯುವ ಮೊದಲು ನೀವೇ ನೋಡತಕ್ಕ ಸಂಗತಿಗಳನ್ನು ಇಲ್ಲಿ ಹೇಳಿದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು 17–18ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆಗ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದರಲ್ಲಿ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಬೇಕಾದವು ಮೂರು: ತಿರುಗುವ ವೇಗ, ಗಾಳಿ, ಡೀಸೆಲ್.

1. ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಬ್ರೇಕ್ ಹಾಕಿರಿ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ? ಅದರ ನಲ್ಲಿ ತೆರೆದಿದೆಯೇ? ಮುಚ್ಚಳದ ಗಾಳಿರಂಧ್ರಕ್ಕೆ ಮಣ್ಣು ಕಟ್ಟಿದೆಯೇ? ಎಂಜಿನ್ ನಿಲ್ಲಿಸಲು ಎಳೆದ ಗುಂಡಿಯನ್ನು ಮರಳಿ ಒತ್ತಿದ್ದೀರಾ? ಅದು ಎಳೆದಂತೆಯೇ ಇದ್ದರೆ ಎಷ್ಟು ತಿರುವಿದರೂ ಡೀಸೆಲ್ ಒಳಗೆ ಹೋಗದು.

2. ಎಂಜಿನ್ ನಿಧಾನವಾಗಿ, ಏದುತ್ತ ತಿರುಗಿದರೆ ಬ್ಯಾಟರಿ ಸೊರಗಿದೆ ಎಂದು ತಿಳಿಯಿರಿ. ಅದರ ತುದಿಗಳ ಕಿಲುಬನ್ನು ಒರೆಸಿ ಬಿಗಿಮಾಡಿರಿ. ವೇಗ ಸಾಲದಿದ್ದರೆ ಗಾಳಿ ಸಾಕಷ್ಟು ಕಾಯದು.

3. ಒಬ್ಬರು ಕೀಲಿ ತಿರುವಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ತಿರುವಬೇಡಿರಿ, ನಡುವೆ ಒಂದು ನಿಮಿಷ ಬಿಡಿರಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಹೊತ್ತುತ್ತಿಲ್ಲ. ಆಗ ಬ್ಯಾಟರಿಯನ್ನೂ ಡೀಸೆಲ್‌ನಲ್ಲಿ ನೀರು ಬೆರೆತಿದೆಯೇ ಎಂಬುದನ್ನೂ ನೋಡಿರಿ. ಗಾಳಿಯ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ ಅದನ್ನೂ ತೆಗೆಯಿರಿ.

4. ಫಿಲ್ಟರಿನ ಕೆಳಗಿನ ಬಟ್ಟಲಿನಲ್ಲಿ ನೀರಿದ್ದರೆ ಹರಿಯಬಿಡಿರಿ. ಟ್ಯಾಂಕ್ ಒಮ್ಮೆ ಬರಿದಾಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಡೀಸೆಲ್ ತುಂಬಿ, ಫಿಲ್ಟರಿನ ಮೇಲಿರುವ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಕೈಪಂಪನ್ನು ಒತ್ತುತ್ತಿರಿ. ಮೊದಲು ನೊರೆ ಬರುವುದು. ಗುಳ್ಳೆಯಿಲ್ಲದ ಡೀಸೆಲ್ ಹರಿಯತೊಡಗಿದಾಗ, ಹರಿಯುತ್ತಿರುವಂತೆಯೇ ಸ್ಕ್ರೂ ಬಿಗಿಯಿರಿ. ಬಹಳ ಸಲ ಇಷ್ಟಕ್ಕೇ ಎಂಜಿನ್ ಚಾಲೂ ಆಗುತ್ತದೆ.

ಹೊಸ ಮಾದರಿಯ ಕಾಮನ್ ರೈಲ್ ಎಂಜಿನ್ ಇದ್ದವರು ಎಚ್ಚರದಿಂದಿರಬೇಕು. 2023ರಿಂದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟಳೆ ಬಿಗಿಯಾದ ಮೇಲೆ ಇವು ಹೆಚ್ಚಾಗಿವೆ. ಇವುಗಳ ಒತ್ತಡದ ಕೊಳವೆಯಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿರುತ್ತದೆ. ಚಿಮ್ಮಿದರೆ ಚರ್ಮವನ್ನೇ ಸೀಳಿ ಒಳಗೆ ಹೋಗುವುದು. ಆ ಕೊಳವೆಯ ನಟ್ಟುಗಳನ್ನು ಎಂದೂ ಸಡಿಲಿಸಬಾರದು.

ಪೆಟ್ರೋಲ್ ಕಾರಿಗೆ ಕಿಡಿ ಬೇಕು. ಕೀಲಿಯನ್ನು ಅರ್ಧ ತಿರುವಿದಾಗ ಟ್ಯಾಂಕಿನ ಕಡೆಯಿಂದ ಪಂಪಿನ ಸಣ್ಣ ಗುಂಯ್‌ಗುಡುವಿಕೆ ಕೇಳದಿದ್ದರೆ ಮೊದಲು ಫ್ಯೂಜ್ ನೋಡಿರಿ. ಪಂಪು ನಡೆದರೂ ಚಾಲೂ ಆಗದಿದ್ದರೆ ಪ್ಲಗ್ಗಿನ ಪರೀಕ್ಷೆಯನ್ನು ಮಿಸ್ತ್ರಿಗೆ ಬಿಡಿರಿ.

ಇನ್ನೆರಡು ಮಾತು. ಗಾಳಿಯ ಕೊಳವೆಗೆ ಪೆಟ್ರೋಲ್ ಸುರಿಯಬೇಡಿರಿ, ಬೆಂಕಿ ಹತ್ತೀತು. ಕೆಳಗೆ ನಿಂತು ಸ್ಟಾರ್ಟರಿನ ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಚಾಲೂ ಮಾಡಬೇಡಿರಿ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಒಮ್ಮೆಲೇ ಹೊರಟು ನಿಮ್ಮ ಮೇಲೆಯೇ ಹರಿದೀತು. ಬಿತ್ತನೆ ಒಂದು ದಿನ ತಡವಾದರೆ ಮರುದಿನ ಬಿತ್ತಬಹುದು, ಹೋದ ಜೀವ ಮರಳದು.

ಸಂಜೆ ಕೆಲಸ ಮುಗಿದೊಡನೆ ಟ್ಯಾಂಕ್ ತುಂಬಿಸಿಡುವ ರೂಢಿ ಮಾಡಿಕೊಳ್ಳಿರಿ. ಬರಿದಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಹನಿಯುವ ನೀರೇ ಮುಂಜಾನೆಯ ತೊಂದರೆಗೆ ಮೂಲವಾಗುತ್ತದೆ.