ಬಯಲಲ್ಲಿ ಹುಟ್ಟುವ ಗುಟ್ಟು

ಹಳದೀಪುರದ ಅಂಚೆಪೆಟ್ಟಿಗೆಗೆ ಹಾಕಿದ ಕಾರ್ಡು ಮುಂಬಯಿಯನ್ನು ಮುಟ್ಟುವುದರೊಳಗೆ ಎಷ್ಟೋ ಕೈಗಳನ್ನು ದಾಟಿರುತ್ತದೆ. ನಡುವೆ ಅದನ್ನು ಹಿಡಿದವರು ಯಾರೇ ಆಗಲಿ ಓದಬಹುದು. ಅದೇ ಊರಿನ ವಿದ್ಯಾರ್ಥಿಯೊಬ್ಬನು ಕಾಲೇಜಿನ ಶುಲ್ಕವನ್ನು ಅಂತರಜಾಲದ ಮೂಲಕ ಕಟ್ಟುವಾಗಲೂ ನಡೆಯುವುದು ಇಂಥದೇ ಪಯಣ. ಅವನ ಗುಪ್ತಪದವು ಹಲವರ ಯಂತ್ರಗಳನ್ನು ಹಾದು ಬ್ಯಾಂಕಿನ ಗಣಕವನ್ನು ಸೇರುತ್ತದೆ. ಆದರೂ ನಡುದಾರಿಯವರಿಗೆ ಅದು ಅರ್ಥವಾಗದು, ಗೂಢಲಿಪಿಯಾಗಿ ಮಾರ್ಪಟ್ಟಿರುತ್ತದೆ.

ಗೂಢಲಿಪಿಯನ್ನು ಬಿಡಿಸಲು ಎರಡು ಕಡೆಯಲ್ಲಿಯೂ ಒಂದೇ ಕೀಲಿ, ಎಂದರೆ ಒಂದು ಗುಪ್ತಸಂಖ್ಯೆ, ಇರಬೇಕು. ಎಲ್ಲರ ಕಿವಿಗೂ ಬೀಳುವಂತೆ ಮಾತನಾಡುತ್ತಲೇ ಅದನ್ನು ಗೊತ್ತುಮಾಡಿಕೊಳ್ಳುವುದು ಸಾಧ್ಯವೆ? ಸಾಧ್ಯವೆಂದು 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ತೋರಿಸಿಕೊಟ್ಟರು. ಓದುಗರು ಕಾಗದ ಪೆನ್ಸಿಲು ಹಿಡಿದು ಪರೀಕ್ಷಿಸಬಹುದು. 23 ಮತ್ತು 5 ಎಂಬ ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ವಿದ್ಯಾರ್ಥಿಯ ಯಂತ್ರವು ಗುಟ್ಟಾಗಿ 3ನ್ನು ಆರಿಸಿಕೊಂಡು, 5ರ ಮೂರನೆಯ ಘಾತವನ್ನು 23ರಿಂದ ಭಾಗಿಸಿ, ಶೇಷವಾದ 10ನ್ನು ಬಹಿರಂಗವಾಗಿ ಕಳುಹಿಸುತ್ತದೆ. ಬ್ಯಾಂಕಿನ ಗಣಕವು 7ನ್ನು ಆರಿಸಿಕೊಂಡು, 5ರ ಏಳನೆಯ ಘಾತದಿಂದ ಅದೇ ರೀತಿ ದೊರೆತ 17ನ್ನು ಕಳುಹಿಸುತ್ತದೆ. ಈಗ ಇತ್ತ 17ರ ಮೂರನೆಯ ಘಾತವಾದ 4913ನ್ನೂ ಅತ್ತ 10ರ ಏಳನೆಯ ಘಾತವಾದ ಒಂದು ಕೋಟಿಯನ್ನೂ 23ರಿಂದ ಭಾಗಿಸಿದರೆ, ಎರಡು ಕಡೆಯೂ ಉಳಿಯುವುದು 14. ಈ 14 ದಾರಿಯಲ್ಲಿ ಸಂಚರಿಸಲೇ ಇಲ್ಲ! ಇಷ್ಟು ಚಿಕ್ಕ ಸಂಖ್ಯೆಗಳಾದರೆ ಕದ್ದು ಕೇಳುವವನು ಲೆಕ್ಕಹಾಕಿಯಾನು. 23ರ ಬದಲು ಆರುನೂರಕ್ಕೂ ಹೆಚ್ಚು ಅಂಕಿಗಳ ತಕ್ಕ ಅವಿಭಾಜ್ಯ ಸಂಖ್ಯೆಯಿದ್ದರೆ ಇಂದಿನ ಗಣಕಗಳಿಗೂ ಅದು ಅಳವಲ್ಲ. (ಎದುರಿಗಿರುವುದು ನಿಜವಾಗಿ ಬ್ಯಾಂಕೇ ಎಂಬ ಖಾತರಿಗೆ ಪ್ರಮಾಣಪತ್ರಗಳ ಏರ್ಪಾಡು ಬೇರೆ ಇದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.)

ಇಂಥ ಲೆಕ್ಕಗಳನ್ನು ಪ್ರತಿಯೊಬ್ಬರೂ ಹೊಸದಾಗಿ ಬರೆದುಕೊಳ್ಳಹೊರಟರೆ ತಪ್ಪುಗಳಿಗೆ ಕೊನೆಯಿರದು. ಆದುದರಿಂದ ಸಿದ್ಧ ಸಲಕರಣೆಗಳ ಪೆಟ್ಟಿಗೆಯೊಂದನ್ನು ಬಳಸುವುದು ವಾಡಿಕೆ. ಅಂಥವುಗಳಲ್ಲಿ ಹೆಸರಾದುದು ಓಪನ್ ಎಸ್‌ಎಸ್‌ಎಲ್. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬವರು ಬರೆದಿದ್ದ ತಂತ್ರಾಂಶವನ್ನು ಆಧರಿಸಿ 1998ರಲ್ಲಿ ಇದು ಆರಂಭವಾಯಿತು. ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಬಹುದು. ಬೀಗದ ರಚನೆಯನ್ನೇ ಬಯಲಿಗಿಟ್ಟರೆ ಕಳ್ಳನಿಗೆ ಅನುಕೂಲವಲ್ಲವೆ ಎಂದು ಕೇಳಬಹುದು. ವಿಧಾನವು ಶತ್ರುವಿನ ಕೈಗೆ ಸಿಕ್ಕರೂ ಕೆಡಬಾರದು, ಗುಟ್ಟಾಗಿರಬೇಕಾದುದು ಕೀಲಿಯೊಂದೇ, ಎಂದು ಆಗಸ್ಟ್ ಕೆರ್ಕ್‌ಹಾಫ್ಸ್ 1883ರಷ್ಟು ಹಿಂದೆಯೇ ವಾದಿಸಿದ್ದನು.

ಆದರೆ ಬಯಲಿಗಿಟ್ಟ ಮಾತ್ರಕ್ಕೆ ಯಾರಾದರೂ ಓದಿಯೇ ಓದುತ್ತಾರೆಂದಲ್ಲ. 2012ರ ಮಾರ್ಚ್ 14ರಂದು ಹೊರಬಂದ 1.0.1 ಎಂಬ ಆವೃತ್ತಿಯಲ್ಲಿ ಹೊಸ ಸೌಕರ್ಯವೊಂದು ಸೇರಿತ್ತು. ಸಂಪರ್ಕವು ಜೀವಂತವಾಗಿದೆಯೆ ಎಂದು ತಿಳಿಯಲು ಒಂದು ಕಡೆಯವರು, ‘ಇಗೋ ಇಷ್ಟು ಉದ್ದದ ಮಾತು, ಇದನ್ನೇ ಮರಳಿಸು’ ಎನ್ನುವುದು. ಇನ್ನೊಂದು ಕಡೆಯವರು ಹಾಗೆಯೇ ಮರಳಿಸುವುದು. ಹೇಳಿದ ಉದ್ದವೂ ಬಂದ ಮಾತಿನ ಉದ್ದವೂ ಒಂದೇ ಎಂದು ತಾಳೆನೋಡುವುದು ಮಾತ್ರ ಮರೆತುಹೋಗಿತ್ತು. ಕಚೇರಿಗೆ ಬಂದವನೊಬ್ಬನು ಒಂದೇ ಹಾಳೆಯನ್ನು ಕೊಟ್ಟು, ‘ನೂರು ಹಾಳೆ ಕೊಟ್ಟಿದ್ದೇನೆ, ಹಿಂದಿರುಗಿಸಿ’ ಎಂದರೆ, ಗುಮಾಸ್ತನು ಮೇಜಿನ ಮೇಲಿದ್ದ ಪರರ ಕಾಗದಗಳನ್ನೂ ಸೇರಿಸಿ ನೂರು ಎಣಿಸಿಕೊಟ್ಟಂತೆ! ಒಂದು ಸಲಕ್ಕೆ ಸುಮಾರು 64 ಕಿಲೋಬೈಟಿನಷ್ಟು ನೆನಪು ಹೀಗೆ ಸೋರಬಹುದಾಗಿತ್ತು. ಅದರಲ್ಲಿ ಗುಪ್ತಪದಗಳಿರಬಹುದು, ಕೀಲಿಗಳೂ ಇರಬಹುದು. ಗಣಿತವೇನೂ ಸೋತಿರಲಿಲ್ಲ.

ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಅವರೂ ಫಿನ್ಲೆಂಡಿನ ಕೋಡೆನೋಮಿಕಾನ್ ಸಂಸ್ಥೆಯವರೂ ಬೇರೆಬೇರೆಯಾಗಿ ಕಂಡುಹಿಡಿದ ಈ ದೋಷವು 2014ರ ಏಪ್ರಿಲ್ 7ರಂದು ಪ್ರಕಟವಾಯಿತು. ಅದಕ್ಕೆ ‘ಹಾರ್ಟ್‌ಬ್ಲೀಡ್’ ಎಂದು ಹೆಸರಾಯಿತು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಮಂದಿಯ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾದವು. ಇಂಥ ಕಳವು ಸಾಮಾನ್ಯ ದಾಖಲೆಗಳಲ್ಲಿ ಗುರುತನ್ನು ಉಳಿಸುತ್ತಿರಲಿಲ್ಲವಾದ್ದರಿಂದ, ಏನೂ ಹೋಗಿಲ್ಲವೆಂದು ಧೈರ್ಯವಾಗಿ ಹೇಳುವಂತಿರಲಿಲ್ಲ. ತಂತ್ರಾಂಶವನ್ನು ತಿದ್ದಿದ ಬಳಿಕ ಕೀಲಿಗಳನ್ನೂ ಪ್ರಮಾಣಪತ್ರಗಳನ್ನೂ ಬದಲಿಸಬೇಕಾಯಿತು.

ಲೋಕದ ಬ್ಯಾಂಕುಗಳೂ ಅಂಗಡಿಗಳೂ ನೆಚ್ಚಿಕೊಂಡಿದ್ದ ಈ ಕೆಲಸಕ್ಕೆ ಆಗ ವರ್ಷವೊಂದಕ್ಕೆ ಬರುತ್ತಿದ್ದ ದಾನ ಸುಮಾರು 2000 ಡಾಲರು! ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರೇ. ಲೆಕ್ಕ ತಪ್ಪಿದವನನ್ನು ದೂರುವ ಮೊದಲು ಈ ಲೆಕ್ಕವನ್ನೂ ನೋಡಬೇಕೆಂದು ನನಗೆ ತೋರುತ್ತದೆ. ಅದೇ ವರ್ಷ ಲಿನಕ್ಸ್ ಫೌಂಡೇಷನ್ನಿನ ಮುಂದಾಳುತನದಲ್ಲಿ ದೊಡ್ಡ ಸಂಸ್ಥೆಗಳು ಹಣ ಕೂಡಿಸಿದವು.

ದೋಷವನ್ನು ಸರಿಪಡಿಸಿದ್ದು 1.0.1ಜಿ ಎಂಬ ಆವೃತ್ತಿಯಲ್ಲಿ. ತಿದ್ದುಪಡಿಯ ತಿರುಳು ಉದ್ದವನ್ನು ತಾಳೆನೋಡುವ ಕೆಲವೇ ಸಾಲುಗಳು. ‘ಸಿ’ ಭಾಷೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಅವನ್ನು ಇಂದಿಗೂ ತೆರೆದು ಓದಬಹುದು.