ಹೆರಿಗೆ ರಜೆ ಮುಗಿಯುವ ಮುನ್ನ ಒಂದು ತಿಂಗಳು

ರಜೆ ಮುಗಿಸಿ ಕೆಲಸಕ್ಕೆ ಹೊರಟ ಮೊದಲ ಸೋಮವಾರವೇ ನಾನು ಮಗಳನ್ನು ಮೊದಲ ಸಲ ಡೇಕೇರಿಗೆ ಬಿಟ್ಟೆ. ಅಲ್ಲಿ ಅವಳ ಅಳು, ಬಸ್ಸಿನಲ್ಲಿ ನನ್ನದು. ಹನ್ನೊಂದು ಗಂಟೆಗೆ ಫೋನು: ‘ಮೇಡಂ, ಪಾಪು ಬಾಟಲಿ ಬಾಯಿಗೇ ಇಟ್ಟುಕೊಳ್ತಿಲ್ಲ.’ ಎರಡನೇ ಮಗುವಿನ ಹೊತ್ತಿಗೆ ಬುದ್ಧಿ ಬಂದಿತ್ತು. ತಯಾರಿಯನ್ನು ಒಂದು ತಿಂಗಳು ಮುಂಚೆ ಶುರು ಮಾಡಿದೆ.

ಮೊದಲು ಕ್ಯಾಲೆಂಡರ್ ಹಿಡಿದು ಕೂರಿ

ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ. ಅದರಲ್ಲಿ ಹೆಚ್ಚೆಂದರೆ 8 ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಎಲ್ಲರೂ ‘ಆರು ತಿಂಗಳು’ ಎಂದು ಬಾಯಲ್ಲಿ ಹೇಳುತ್ತೇವೆ, ಲೆಕ್ಕ ಹಾಕುವುದಿಲ್ಲ. ಮುಂಚೆಯೇ ಎಂಟು ವಾರ ಖರ್ಚಾಗಿದ್ದರೆ ನೀವು ವಾಪಸಾಗುವಾಗ ಕೂಸಿಗೆ ನಾಲ್ಕು ತಿಂಗಳು ದಾಟಿರುತ್ತದೆ ಅಷ್ಟೆ. ಇನ್ನೂ ಎದೆಹಾಲೇ ಆಹಾರ. ಖರ್ಚಾಗಿರದಿದ್ದರೆ ಆರು ತಿಂಗಳು. ರಾಗಿ ಸರಿ ಶುರುವಾಗುವ ಕಾಲ. ಮುಂದಿನ ತಯಾರಿಯೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ಹಾಗೆಯೇ ಎಚ್‌ಆರ್‌ ವಿಭಾಗಕ್ಕೊಂದು ಇಮೇಲ್ ಕಳಿಸಿ. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎನ್ನುತ್ತದೆ ಕಾನೂನು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವೂ ಇವೆ. ಕೇಂದ್ರ ಎಲ್ಲಿದೆ ಎಂದು ಮಾತ್ರ ಮರೆಯದೆ ಕೇಳಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೂರು ಕಿಲೋಮೀಟರ್ ದೂರದ ಕೇಂದ್ರಕ್ಕೆ ನಾಲ್ಕು ಸಲ ಹೋಗಿಬಂದರೆ ಸಂಜೆಯೇ ಆಗುತ್ತದೆ! ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ ಇದರ ಜೊತೆ ಶಿಶುಪಾಲನಾ ರಜೆಯೂ ಉಂಟು.

ಡೇಕೇರ್ ನೋಡಲು ನಾಲ್ಕು ಗಂಟೆಗೆ ಹೋಗಿ

ಬೆಳಿಗ್ಗೆ ಹತ್ತಕ್ಕೆ ಎಲ್ಲ ಡೇಕೇರೂ ಚೆಂದವೇ. ಮಕ್ಕಳು ಮಧ್ಯಾಹ್ನದ ನಿದ್ದೆಯಿಂದ ಎದ್ದು ಒಟ್ಟಿಗೆ ಅಳುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ಒಬ್ಬ ಆಯಾ ಎಷ್ಟು ಮಕ್ಕಳನ್ನು ಎತ್ತಿಕೊಳ್ಳಬೇಕಾಗಿದೆ, ಒದ್ದೆ ಬಟ್ಟೆ ಎಷ್ಟು ಹೊತ್ತಿಗೆ ಬದಲಾಗುತ್ತದೆ, ಟಿವಿ ಓಡುತ್ತಿದೆಯೇ ಎಂದು ನೋಡಿ. ಸ್ವಲ್ಪ ಜ್ವರ ಇದ್ದರೆ ಏನು ಮಾಡುತ್ತಾರೆ, ನೀವು ಬರುವುದು ಅರ್ಧ ಗಂಟೆ ತಡವಾದರೆ ಯಾರು ಇರುತ್ತಾರೆ ಎಂದೂ ಕೇಳಿ. ಗೋಡೆಯ ಮೇಲಿನ ಕಾರ್ಟೂನು ಚಿತ್ರಕ್ಕೆ ಮಾರುಹೋಗಬೇಡಿ, ನಾನು ಹೋಗಿದ್ದೆ.

ಹಾಲು, ಬಾಟಲಿ, ಒಳಲೆ

ಹದಿನೈದು ದಿನ ಮುಂಚೆಯಿಂದ ದಿನಕ್ಕೊಂದು ಸಲ ಹಾಲು ತೆಗೆದು, ಬೇರೆಯವರ ಕೈಯಲ್ಲಿ ಕುಡಿಸಿ. ಅಮ್ಮ ಎದುರಿಗಿದ್ದರೆ ಕೂಸು ಬಾಟಲಿ ಒಪ್ಪುವುದು ಕಷ್ಟ. ಬಾಗಿಲ ಆಚೆ ಹೋಗಿ. ಬಾಟಲಿ ಬೇಡವೆಂದು ಹಟ ಹಿಡಿದರೆ ಒಳಲೆ ಇದ್ದೇ ಇದೆ. ನನ್ನ ಮಗ ಅದರಲ್ಲೇ ಕುಡಿದ.

ತೆಗೆದ ಹಾಲು ಹೊರಗೆ, 25 ಡಿಗ್ರಿ ಸೆಲ್ಸಿಯಸ್‌ವರೆಗಿನ ತಂಪಿನಲ್ಲಿ, ನಾಲ್ಕು ಗಂಟೆ ತಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಅದನ್ನು ನಂಬಬೇಡಿ, ತಕ್ಷಣ ಫ್ರಿಜ್ಜಿಗೆ ಇಡಿ. ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇಡಬಹುದು, ಬಾಗಿಲಿನಲ್ಲಿ ಬೇಡ. ಒಲೆಯ ಮೇಲಾಗಲಿ ಮೈಕ್ರೋವೇವ್‌ನಲ್ಲಾಗಲಿ ಕಾಯಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಸಾಕು. ಕುಡಿದು ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಬಳಸಿ, ಇಲ್ಲವಾದರೆ ಚೆಲ್ಲಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಗೊತ್ತು.

ಒಂದು ವಾರ ರಿಹರ್ಸಲ್

ಮೊದಲ ದಿನ ಮಗುವನ್ನು ಡೇಕೇರಿನಲ್ಲಿ ಒಂದು ಗಂಟೆ ಬಿಟ್ಟು ಬನ್ನಿ, ಮರುದಿನ ಎರಡು, ಆಮೇಲೆ ಊಟದವರೆಗೆ. ಕದ್ದು ಹೊರಡಬೇಡಿ. ‘ಟಾಟಾ, ಸಂಜೆ ಬರ್ತೀನಿ’ ಎಂದು ಹೇಳಿಯೇ ಹೊರಡಿ. ಹಿಂದಿರುಗಿ ನೋಡಿದರೆ ಅಳುವುದು ನೀವು. ಆಫೀಸು ಒಪ್ಪಿದರೆ ಕೆಲಸಕ್ಕೆ ಬುಧವಾರವೋ ಗುರುವಾರವೋ ಸೇರಿಕೊಳ್ಳಿ, ವಾರದ ರಜೆ ಬೇಗ ಸಿಗುತ್ತದೆ.

ಗಂಡನಿಗೆ ಹಂಚುವ ಕೆಲಸವನ್ನು ಪೂರ್ತಿ ಹಂಚಿ. ‘ಸ್ವಲ್ಪ ಬ್ಯಾಗ್ ರೆಡಿ ಮಾಡ್ರೀ’ ಎಂದರೆ ಡೈಪರ್ ಎಲ್ಲಿ, ಟೋಪಿ ಎಲ್ಲಿ ಎಂಬ ಹತ್ತು ಪ್ರಶ್ನೆಗೆ ಉತ್ತರಿಸುವ ಕೆಲಸ ನಿಮಗೇ ಉಳಿಯುತ್ತದೆ. ಬ್ಯಾಗು ಅವರದು ಎಂದರೆ ಡೈಪರ್ ಮುಗಿದಿದೆ ಎಂದು ನೋಡಿ ತರುವುದೂ ಅವರದೇ. ಎರಡು ದಿನ ಟೋಪಿ ಮರೆತು ಹೋಗುತ್ತದೆ. ಹೋಗಲಿ.

ಜ್ವರ ಬಂದ ದಿನ

ಡೇಕೇರ್ ಸೇರಿದ ಮೊದಲ ತಿಂಗಳುಗಳಲ್ಲಿ ನೆಗಡಿ, ಜ್ವರ ಮೇಲಿಂದ ಮೇಲೆ ಬರುತ್ತವೆ. ಆ ಬೆಳಿಗ್ಗೆ ಎದ್ದು ‘ಯಾರು ರಜೆ ಹಾಕೋದು’ ಎಂದು ಜಗಳಕ್ಕೆ ನಿಂತರೆ ಇಬ್ಬರ ಕೆಲಸವೂ ಕೆಡುತ್ತದೆ. ಮೊದಲ ಸಲ ನೀವು, ಮುಂದಿನ ಸಲ ಅವರು, ಮೂರನೆಯದಕ್ಕೆ ಅಜ್ಜಿಗೆ ಫೋನು, ಹೀಗೆ ಸರದಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಜ್ವರದ ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ. ಲಸಿಕೆಗೆ ಹೋದಾಗಲೆಲ್ಲ ಡಾಕ್ಟರನ್ನು ಕೇಳಿ ಅದನ್ನೂ ಸರದಿಯ ಕಾಗದದಲ್ಲೇ ಬರೆದುಕೊಳ್ಳಿ.

ಇನ್ನು ಸಂಜೆ. ಬಂದ ಕೂಡಲೇ ಅಡುಗೆಮನೆಗೆ ನುಗ್ಗಬೇಡಿ. ಬೇಳೆ ಬೆಳಿಗ್ಗೆಯೇ ಬೇಯಿಸಿಟ್ಟಿದ್ದರೆ ಸಾರಿಗೆ ಒಗ್ಗರಣೆ ಹಾಕಲು ಹತ್ತು ನಿಮಿಷ ಸಾಕು. ಕೈಕಾಲು ತೊಳೆದು, ಫೋನು ಒಳಗಿಟ್ಟು, ಅರ್ಧ ಗಂಟೆ ಚಾಪೆಯ ಮೇಲೆ ಕೂಸಿನ ಪಕ್ಕ ಮಲಗಿ. ಅದು ನಿಮ್ಮ ಕೂದಲು ಎಳೆಯುತ್ತದೆ, ಎಳೆಯಲಿ. ಕುಕ್ಕರು ಆಮೇಲೆ ಕೂಗಿದರಾಯಿತು.