ಮೂಳೆಯ ಗೋಡೆ, ಬಾಡಿಗೆ ಹಾಸಿಗೆ: ಡೈನೋಸಾರ್ ನೆಲದ ಪ್ರಯಾಣ ಕಲಿಸಿದ ಪಾಠಗಳು

ಅಮೆರಿಕ, ಕೆನಡಾಗಳಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಹಿರಿಯರಿಗೆ ಡೈನೋಸಾರ್ ತಾಣಗಳ ಪ್ರವಾಸ ಹೊಂದಿಸಿಕೊಡುವುದು, ಆದಾಗ ಜೊತೆಗೂ ಹೋಗುವುದು, ನಿವೃತ್ತಿಯ ನಂತರ ನಾನು ಹಚ್ಚಿಕೊಂಡಿರುವ ಕೆಲಸ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು; ಪಠ್ಯಪುಸ್ತಕದ ಚಿತ್ರವನ್ನೇ ತೋರಿಸಿ ಪಾಠ ಮಾಡಿದವನಿಗೆ ನಿಜವಾದ ಮೂಳೆಯ ಮುಂದೆ ನಿಲ್ಲುವುದು ದೊಡ್ಡ ವಿಷಯ. ಆದರೆ ಈ ತಾಣಗಳು ದೊಡ್ಡ ನಗರಗಳ ಪಕ್ಕದಲ್ಲಿಲ್ಲ. ಗಂಟೆಗಟ್ಟಲೆ ಕಾರಿನಲ್ಲಿ ಹೋಗಬೇಕು, ಸಣ್ಣ ಊರಿನ ಮೋಟೆಲಿನಲ್ಲೋ ಮರದ ಕ್ಯಾಬಿನ್ನಿನಲ್ಲೋ ರಾತ್ರಿ ಕಳೆಯಬೇಕು. ಹಾಗಾಗಿ ನೋಡಲು ಹೋದದ್ದರ ಬಗ್ಗೆ ಎಷ್ಟು ತಿಳಿದಿರಬೇಕೋ ಮಲಗುವ ಜಾಗದ ಬಗ್ಗೆಯೂ ಅಷ್ಟೇ ತಿಳಿದಿರಬೇಕು.

1. ಮೂಳೆಯನ್ನು ಅದು ಬಿದ್ದ ನೆಲದಲ್ಲೇ ನೋಡಿ

ವಸ್ತುಸಂಗ್ರಹಾಲಯಗಳಲ್ಲಿ ಎದ್ದು ನಿಂತಿರುವ ಅಸ್ಥಿಪಂಜರಗಳಲ್ಲಿ ಎಷ್ಟೋ ಅಚ್ಚು ಹೊಯ್ದ ಪ್ರತಿಗಳು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ ತಲೆಮಾರುಗಳ ಮಕ್ಕಳು ಬೆರಗಾಗಿ ನೋಡಿದ ಡಿಪ್ಲೊಡೋಕಸ್ 1905ರಲ್ಲಿ ಆಂಡ್ರ್ಯೂ ಕಾರ್ನೆಗಿ ಉಡುಗೊರೆ ಕೊಟ್ಟ ಪ್ಲಾಸ್ಟರ್ ಪ್ರತಿ. ಅಸಲಿ ಮೂಳೆಗಳಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಪ್ರತಿ ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರಾಣಿ ಹೇಗೆ ಸತ್ತಿತು, ಮೂಳೆ ಹೇಗೆ ಕಲ್ಲಾಯಿತು ಎನ್ನುವುದನ್ನು ಅದು ಹೇಳಲಾರದು. ಅದನ್ನು ನೆಲವೇ ಹೇಳಬೇಕು.

ಅದಕ್ಕೆ ನಾನು ಮೊದಲು ಹೇಳುವ ಜಾಗ ಯೂಟಾ ಮತ್ತು ಕೊಲರಾಡೊ ಗಡಿಯಲ್ಲಿರುವ ಡೈನೋಸಾರ್ ನ್ಯಾಷನಲ್ ಮಾನ್ಯುಮೆಂಟ್. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂ ಕಳಿಸಿದ್ದ ಅರ್ಲ್ ಡಗ್ಲಸ್ ಎಂಬ ಪಳೆಯುಳಿಕೆ ತಜ್ಞ 1909ರ ಆಗಸ್ಟ್‌ನಲ್ಲಿ ಇಲ್ಲಿ ಅಪಟೊಸಾರಸ್‌ನ ಬಾಲದ ಎಂಟು ಮೂಳೆಗಳು ಸಾಲಾಗಿ, ಒಂದಕ್ಕೊಂದು ಕೂಡಿಕೊಂಡೇ ಇರುವುದನ್ನು ಕಂಡ. ಮುಂದೆ ಟನ್ನುಗಟ್ಟಲೆ ಮೂಳೆ ಪಿಟ್ಸ್‌ಬರ್ಗ್‌ಗೆ ಹೋಯಿತು. ಆದರೆ ಉಳಿದದ್ದನ್ನು ಬಂಡೆಯಲ್ಲೇ ಬಿಟ್ಟು, ಅರ್ಧ ಕೆತ್ತಿ, ಮೇಲೆ ಸೂರು ಕಟ್ಟಿ ಜನರಿಗೆ ತೋರಿಸಬೇಕು ಎಂದು ಆಸೆಪಟ್ಟವನೂ ಅದೇ ಡಗ್ಲಸ್. ಇವತ್ತು ಅಲ್ಲಿ ಗಾಜಿನ ಗೋಡೆಗಳ ಕಟ್ಟಡದೊಳಗೆ ಓರೆಯಾಗಿ ಎದ್ದಿರುವ ಬಂಡೆಯ ಮೇಲೆ ಸುಮಾರು 1,500 ಮೂಳೆಗಳು ಇದ್ದಲ್ಲೇ ಇವೆ. ಅಲೋಸಾರಸ್, ಸ್ಟೆಗೊಸಾರಸ್, ಕ್ಯಾಮರಸಾರಸ್, ಎಲ್ಲವೂ ಒಂದರ ಮೇಲೊಂದು ಬಿದ್ದಿವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಇಲ್ಲಿ ಹರಿಯುತ್ತಿದ್ದ ನದಿ ಸತ್ತ ಪ್ರಾಣಿಗಳನ್ನು ತಂದು ಮರಳಿನಲ್ಲಿ ಹೂತಿತು. ಆಮೇಲೆ ಭೂಮಿ ಮಡಚಿ ಆ ಮರಳುಗಲ್ಲಿನ ಪದರವನ್ನು ಎತ್ತಿ ನಿಲ್ಲಿಸಿತು. ನದಿಯ ತಳ ಗೋಡೆಯಾಗಿದೆ ಎನ್ನುವುದನ್ನು ಅಲ್ಲಿ ನಿಂತು ಒಮ್ಮೆ ಅರ್ಥ ಮಾಡಿಕೊಂಡ ಮಗುವಿಗೆ ಭೂವಿಜ್ಞಾನದ ಮೊದಲ ಪಾಠ ಆಯಿತೆಂದೇ ಲೆಕ್ಕ.

ಸಾಲ್ಟ್ ಲೇಕ್ ಸಿಟಿಯಿಂದ ವರ್ನಲ್ ಎಂಬ ಊರಿಗೆ ಕಾರಿನಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ತಾಣಕ್ಕೆ ಇನ್ನು ಮೂವತ್ತು ಕಿಲೋಮೀಟರ್ ಆಸುಪಾಸು. ವರ್ನಲ್‌ನಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಅದೇ ದಿನ ಹೋಗಿ ಅದೇ ದಿನ ಬರುತ್ತೇವೆ ಅನ್ನುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

2. ಕೆನಡಾದ ಆಲ್ಬರ್ಟಾದಲ್ಲಿ ಎರಡು ತಾಣ, ಎರಡು ದಿನ

ಕ್ಯಾಲ್ಗರಿಯಲ್ಲಿ ಮಗನೋ ಮಗಳೋ ಇರುವವರು ಡ್ರಮ್‌ಹೆಲರ್‌ಗೆ ಹೋಗಿಬಂದು ಡೈನೋಸಾರ್ ಪಾರ್ಕ್ ನೋಡಿದೆವು ಅನ್ನುವುದುಂಟು. ಡ್ರಮ್‌ಹೆಲರ್‌ನಲ್ಲಿರುವುದು ರಾಯಲ್ ಟಿರೆಲ್ ಮ್ಯೂಸಿಯಂ. ಡೈನೋಸಾರ್ ಪ್ರೊವಿನ್ಷಿಯಲ್ ಪಾರ್ಕ್ ಅಲ್ಲಿಂದ ಇನ್ನೂ ಎರಡು ಗಂಟೆಯ ದಾರಿ, ಬ್ರೂಕ್ಸ್ ಎಂಬ ಊರಿನ ಹತ್ತಿರ, ರೆಡ್ ಡಿಯರ್ ನದಿಯ ಕೊರಕಲಿನಲ್ಲಿ. 1979ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಸುಮಾರು ಏಳೂವರೆ ಕೋಟಿ ವರ್ಷ ಹಿಂದಿನ 40ಕ್ಕೂ ಹೆಚ್ಚು ಜಾತಿಯ ಡೈನೋಸಾರ್‌ಗಳು ಆ ಒಂದೇ ಕೊರಕಲಿನಿಂದ ಹೊರಬಂದಿವೆ. ಅದರ ಬಹುಭಾಗ ಮೀಸಲು ಪ್ರದೇಶ. ಗೈಡ್ ಜೊತೆಯಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಆ ಟಿಕೆಟ್ ಮುಂಚೆಯೇ ಕಾಯ್ದಿರಿಸದೆ ಹೋದರೆ ದಾರಿ ಬದಿಯ ನೋಟವಷ್ಟೇ ಸಿಗುತ್ತದೆ.

ಟಿರೆಲ್‌ನಲ್ಲಿ ಬೊರಿಯಲೊಪೆಲ್ಟಾದ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. 2011ರಲ್ಲಿ ಫೋರ್ಟ್ ಮೆಕ್‌ಮರ್ರೆ ಹತ್ತಿರದ ಗಣಿಯಲ್ಲಿ ಸಿಕ್ಕ ಈ ಕವಚಧಾರಿ ಪ್ರಾಣಿಯ ಚರ್ಮ, ಹುರುಪೆ ಸಮೇತ ಕಲ್ಲಾಗಿದೆ. ಅದನ್ನು ಕಲ್ಲಿನಿಂದ ಬಿಡಿಸಲು ಮಾರ್ಕ್ ಮಿಚೆಲ್ ಎಂಬ ತಂತ್ರಜ್ಞ 7,000 ಗಂಟೆಗೂ ಮಿಕ್ಕಿ ಕೆಲಸ ಮಾಡಿದ್ದಾರೆ. ಪ್ರಭೇದಕ್ಕೆ ಅವರದೇ ಹೆಸರು ಇಟ್ಟಿದ್ದಾರೆ. ವಿಜ್ಞಾನದಲ್ಲಿ ಕೈಕೆಲಸದವರಿಗೆ ಇಂಥ ಗೌರವ ಸಿಗುವುದು ಅಪರೂಪ. ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

3. ಮಳೆ ಬಂದರೆ ಕೊರಕಲಿಗೆ ಇಳಿಯಬೇಡಿ

ಈ ತಾಣಗಳ ನೆಲದಲ್ಲಿ ಬೆಂಟೊನೈಟ್ ಎಂಬ ಜೇಡಿಯಿದೆ, ಹಳೆಯ ಜ್ವಾಲಾಮುಖಿಗಳ ಬೂದಿಯಿಂದ ಆದದ್ದು. ನೀರು ಕುಡಿದರೆ ಉಬ್ಬುತ್ತದೆ, ಕಾಲಿಟ್ಟರೆ ಜಾರುತ್ತದೆ. ಒಣಗಿದಾಗ ಗಟ್ಟಿ ನೆಲದಂತೆ ಕಾಣುವ ದಿಬ್ಬದಲ್ಲಿ ಹತ್ತು ನಿಮಿಷದ ಮಳೆಯಾದರೆ ಯುವಕರೂ ನಿಲ್ಲಲಾರರು. ಡೈನೋಸಾರ್ ಮಾನ್ಯುಮೆಂಟಿನ ಕಟ್ಟಡವೇ ಇಂಥ ಜೇಡಿ ಉಬ್ಬಿ ಇಳಿದು ಬಿರುಕು ಬಿಟ್ಟದ್ದರಿಂದ 2006ರಲ್ಲಿ ಮುಚ್ಚಿ, ಸರಿಪಡಿಸಿ, 2011ರಲ್ಲಿ ಮತ್ತೆ ತೆರೆದರು. ಕಟ್ಟಡವನ್ನೇ ಅಲುಗಿಸಿದ ಮಣ್ಣು ಮೊಣಕಾಲು ನೋವಿನವರನ್ನು ಬಿಟ್ಟೀತೆ? ಒಳ್ಳೆಯ ಹಿಡಿತದ ಬೂಟು ಹಾಕಿಕೊಳ್ಳಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಆಲ್ಬರ್ಟಾದ ಕೊರಕಲಿನಲ್ಲಿ ರ‍್ಯಾಟಲ್ ಹಾವುಗಳಿವೆ, ಕಾಣದ ಸಂದಿಗೆ ಕೈ ಹಾಕಬೇಡಿ.

4. ಒಂದು ಚೂರನ್ನೂ ಜೇಬಿಗೆ ಹಾಕಬೇಡಿ

ಅಮೆರಿಕದ ಕೇಂದ್ರ ಸರ್ಕಾರಿ ನೆಲದಲ್ಲಿ ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ಎತ್ತುವುದು ಅಪರಾಧ. 2009ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ಬಂತು. ಆಲ್ಬರ್ಟಾದಲ್ಲಿ ಪಳೆಯುಳಿಕೆ ಪ್ರಾಂತ್ಯದ ಸ್ವತ್ತು. ಮಂಗೋಲಿಯಾದಲ್ಲೂ ಅಷ್ಟೇ: ಅಲ್ಲಿಂದ ಕಳ್ಳದಾರಿಯಲ್ಲಿ ಬಂದ ಟಾರ್ಬೊಸಾರಸ್ ಅಸ್ಥಿಪಂಜರ 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾಗಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹೋಯಿತು, ಪ್ರಕರಣ ನ್ಯಾಯಾಲಯಕ್ಕೆ ಬಂದು ಮರುವರ್ಷ ಅದು ತನ್ನ ದೇಶ ಸೇರಿತು. ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎನ್ನುವ ಮಾಹಿತಿ ಕಳೆದುಹೋದ ಮೂಳೆಗೆ ವಿಜ್ಞಾನದಲ್ಲಿ ಬಾಯಿಯೇ ಇಲ್ಲ. ಕಂಡರೆ ಫೋಟೊ ತೆಗೆಯಿರಿ, ಇದ್ದಲ್ಲೇ ಬಿಡಿ, ಸಿಬ್ಬಂದಿಗೆ ಜಾಗ ತೋರಿಸಿ.

5. ರೂಮಿನ ಬಾಗಿಲು ತೆರೆದ ಕೂಡಲೇ ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಡಬೇಡಿ

ಫಾರಿನ್‌ನಲ್ಲಿ ತಿಗಣೆಯೇ ಎಂದು ನಮ್ಮ ಹಿರಿಯರು ನಂಬುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಹೊಡೆದು ಅಮೆರಿಕದಲ್ಲಿ ತಿಗಣೆ ಬಹುಮಟ್ಟಿಗೆ ಇಲ್ಲವಾಗಿದ್ದು ನಿಜ. 1990ರ ದಶಕದ ಕೊನೆಯಿಂದ ಅದು ಮರಳಿ ಬಂದಿದೆ. ಈಗಿನ ಸಾಮಾನ್ಯ ಕೀಟನಾಶಕಗಳಿಗೆ ಜಗ್ಗದ ತಳಿಗಳೂ ಇವೆ. ಇದಕ್ಕೂ ಕೊಳಕಿಗೂ ಸಂಬಂಧವಿಲ್ಲ. ದುಬಾರಿ ಹೋಟೆಲಿಗೂ ತಿಗಣೆ ಬರುತ್ತದೆ, ಏಕೆಂದರೆ ಅದು ಬರುವುದು ಪ್ರಯಾಣಿಕರ ಪೆಟ್ಟಿಗೆಯಲ್ಲಿ.

ನಾನು ಮಾಡುವುದು ಇಷ್ಟು. ಮೊದಲು ಪೆಟ್ಟಿಗೆಗಳನ್ನೆಲ್ಲ ಬಚ್ಚಲಿಗೆ ಕೊಂಡೊಯ್ದು ಟಬ್ಬಿನೊಳಗೋ ಹೆಂಚಿನ ನೆಲದ ಮೇಲೋ ಇಡುತ್ತೇನೆ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ತಲೆದಿಂಬಿನ ಕಡೆಯಿಂದ ಹೊದಿಕೆ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯುದ್ದಕ್ಕೂ ನೋಡುತ್ತೇನೆ. ಮಂಚದ ತಲೆಹಲಗೆಯ ಹಿಂದೆ, ಪಕ್ಕದ ಪುಟ್ಟ ಮೇಜಿನ ಡ್ರಾಯರಿನ ಸಂದಿ, ಬಟ್ಟೆ ಹೊದಿಸಿದ ಕುರ್ಚಿ, ಸಾಮಾನು ಇಡುವ ಸ್ಟ್ಯಾಂಡ್, ಇಷ್ಟೂ ನೋಡಲು ಹೆಚ್ಚು ಹೊತ್ತು ಬೇಡ. ದೊಡ್ಡ ತಿಗಣೆ ಸೇಬಿನ ಬೀಜದಷ್ಟಿರುತ್ತದೆ, ಕಂದುಗೆಂಪು ಬಣ್ಣ, ಚಪ್ಪಟೆ ಮೈ. ಮೊಟ್ಟೆ ಒಂದು ಮಿಲಿಮೀಟರ್, ಬಿಳಿ. ಪ್ರಾಣಿ ಕಾಣದಿದ್ದರೂ ಪೆನ್ನಿನ ಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ಒದ್ದೆ ಕಾಗದದಿಂದ ಒರೆಸಿ ನೋಡಿ; ಕಂದಾಗಿ ಹರಡಿದರೆ ಅದು ತಿಗಣೆಯ ಹಿಕ್ಕೆ.

ಇನ್ನೊಂದು ಸಂಗತಿಯನ್ನು ನನ್ನ ಜೊತೆ ಬರುವ ಮಕ್ಕಳಿಗೆ ಹೇಳುತ್ತೇನೆ, ಅವರ ಕಣ್ಣು ಅರಳುತ್ತದೆ. ತಿಗಣೆಗಳ ವಂಶವನ್ನು ಅವುಗಳ ಡಿಎನ್‌ಎಯಿಂದ ಲೆಕ್ಕಹಾಕಿ 2019ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಆ ಕುಟುಂಬ ಸುಮಾರು ಹನ್ನೊಂದೂವರೆ ಕೋಟಿ ವರ್ಷ ಹಳೆಯದು, ಬಾವಲಿಗಳಿಗಿಂತಲೂ ಹಿಂದಿನದು. ಆಲ್ಬರ್ಟಾದ ಡೈನೋಸಾರ್‌ಗಳು ಓಡಾಡುತ್ತಿದ್ದಾಗ ತಿಗಣೆಯ ಪೂರ್ವಜ ಕೀಟಗಳು ಆಗಲೇ ಇದ್ದವು. ಅವು ಡೈನೋಸಾರ್‌ಗಳ ರಕ್ತ ಕುಡಿದಿರಲಾರವು ಎಂಬುದು ಸಂಶೋಧಕರ ಅಭಿಪ್ರಾಯ. ಗೂಡಿಗೋ ಗುಹೆಗೋ ದಿನವೂ ಮರಳಿ ಬರುವ ಪ್ರಾಣಿಯೇ ತಿಗಣೆಗೆ ಬೇಕು. ಮೋಟೆಲಿನ ಹಾಸಿಗೆ ಅದಕ್ಕೆ ಒಗ್ಗುವುದೂ ಅದಕ್ಕೇ.

6. ತಿಗಣೆ ಸಿಕ್ಕರೆ ಪಕ್ಕದ ರೂಮು ತೆಗೆದುಕೊಳ್ಳಬೇಡಿ

ಫೋಟೊ ತೆಗೆದು ಕೌಂಟರಿನಲ್ಲಿ ತೋರಿಸಿ. ಜಗಳ ಬೇಡ, ಸಂಕೋಚವೂ ಬೇಡ. ಗೋಡೆಯ ಬಿರುಕು, ವೈರಿನ ಕೊಳವೆಗಳ ಮೂಲಕ ತಿಗಣೆ ಪಕ್ಕಕ್ಕೆ, ಮೇಲಕ್ಕೆ, ಕೆಳಕ್ಕೆ ಹೋಗುತ್ತದೆ. ಆದ್ದರಿಂದ ಬೇರೆ ಮೂಲೆಯ ರೂಮು ಕೇಳಿ, ಇಲ್ಲದಿದ್ದರೆ ಬೇರೆ ಹೋಟೆಲ್ ಹುಡುಕಿ. ತಿಗಣೆ ಕಡಿತದಿಂದ ರೋಗ ಹರಡುವುದು ಸಾಬೀತಾಗಿಲ್ಲ, ಹೆದರಬೇಡಿ. ಆದರೆ ಕಡಿತದ ಗುರುತು ಕೆಲವರಲ್ಲಿ ಎರಡು ವಾರದವರೆಗೂ ಕಾಣದೆ ಇರಬಹುದು. ಬೆಳಿಗ್ಗೆ ಮೈ ಚೆನ್ನಾಗಿದೆ ಎಂದರೆ ಹಾಸಿಗೆ ಚೆನ್ನಾಗಿತ್ತು ಎಂದಲ್ಲ.

ತಿಗಣೆ ಸಾಯುವುದು ಬಿಸಿಗೆ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಮಿಷಗಳಲ್ಲಿ ಸಾಯುತ್ತದೆ. ನಮ್ಮ ಅಜ್ಜಿಯಂದಿರು ಮಂಚವನ್ನು ಅಂಗಳಕ್ಕೆ ತಂದು ಸಂದಿಗಳಿಗೆ ಕುದಿಯುವ ನೀರು ಸುರಿಯುತ್ತಿದ್ದದ್ದು ಸರಿಯಾದ ವಿಜ್ಞಾನ. ಅಮೆರಿಕ, ಕೆನಡಾದ ಸಣ್ಣ ಊರುಗಳಲ್ಲೂ ನಾಣ್ಯ ಹಾಕುವ ಲಾಂಡ್ರಿಗಳಿವೆ: ಬಟ್ಟೆಯನ್ನು ಮೊದಲು ಡ್ರೈಯರಿನಲ್ಲಿ ಅತಿ ಹೆಚ್ಚು ಬಿಸಿಗೆ ಇಟ್ಟು ಅರ್ಧ ಗಂಟೆ ತಿರುಗಿಸಿ, ಒಗೆಯುವುದು ಆಮೇಲೆ. ನುಸಿಗುಳಿಗೆ ಪ್ರಯೋಜನವಿಲ್ಲ. ಪೆಟ್ಟಿಗೆಗೆ ಸ್ಪ್ರೇ ಹೊಡೆದು ಅದೇ ಬಟ್ಟೆ ಉಡುವುದಂತೂ ಅಪಾಯ. ಮನೆಗೆ ಬಂದಾಗ ಪೆಟ್ಟಿಗೆಯನ್ನು ಮಲಗುವ ಕೋಣೆಗೆ ಒಯ್ಯದೆ ಹೊರಗೇ ಬಿಚ್ಚಿ.

7. ಮರದ ಕ್ಯಾಬಿನ್ನಿನಲ್ಲಿ ಇಲಿ ಹಿಕ್ಕೆ ಕಂಡರೆ ಗುಡಿಸಬೇಡಿ

ತಿಗಣೆಗಿಂತ ಇದು ಗಂಭೀರ. ಅಮೆರಿಕದ ಪಶ್ಚಿಮ ಭಾಗದ ಡಿಯರ್ ಮೌಸ್ ಎಂಬ ಇಲಿಯ ಹಿಕ್ಕೆ, ಮೂತ್ರದಲ್ಲಿ ಹಂಟಾವೈರಸ್ ಇರಬಹುದು. ಒಣಗಿದ ಹಿಕ್ಕೆಯನ್ನು ಗುಡಿಸಿದರೆ ಧೂಳು ಎದ್ದು ಉಸಿರಿನಲ್ಲಿ ಒಳಗೆ ಹೋಗುತ್ತದೆ, ಶ್ವಾಸಕೋಶಕ್ಕೆ ನೀರು ತುಂಬುವಂಥ ಕಾಯಿಲೆ ಬರುತ್ತದೆ. 2012ರಲ್ಲಿ ಯೋಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಹತ್ತು ಪ್ರವಾಸಿಗರಿಗೆ ಇದು ತಗುಲಿ ಮೂವರು ಸತ್ತರು. ಬಹುತೇಕರು ಉಳಿದಿದ್ದ ಟೆಂಟ್ ಕ್ಯಾಬಿನ್‌ಗಳ ಎರಡು ಪದರದ ಗೋಡೆಯ ನಡುವೆ ಇಲಿಗಳು ಗೂಡು ಕಟ್ಟಿದ್ದವು. ಕ್ಯಾಬಿನ್ನಿಗೆ ಹೋದ ಕೂಡಲೇ ಕಿಟಕಿ, ಬಾಗಿಲು ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಹಿಕ್ಕೆ ಕಂಡರೆ ನಮ್ಮ ಅಮ್ಮಂದಿರ ಕೈ ತಾನಾಗಿ ಪೊರಕೆಗೆ ಹೋಗುತ್ತದೆ, ಅದನ್ನು ತಡೆಯಿರಿ. ಬೇರೆ ಕ್ಯಾಬಿನ್ ಕೇಳಿ. ಊರಿಗೆ ಮರಳಿದ ಎರಡು ತಿಂಗಳೊಳಗೆ ಜ್ವರ, ಮೈಕೈ ನೋವು, ಉಸಿರಾಟದ ತೊಂದರೆ ಬಂದರೆ ವೈದ್ಯರಿಗೆ ಈ ಪ್ರಯಾಣದ ವಿಷಯ ಹೇಳಲೇಬೇಕು. ಇಲ್ಲಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವ ಕಾಯಿಲೆಯಲ್ಲ.

8. ನಾವೂ ಕೀಟ ಹೊತ್ತೊಯ್ಯಬಾರದು

ಮಗಳಿಗೆಂದು ಹಸಿ ಕರಿಬೇವು, ಮನೆಯ ಗದ್ದೆಯ ಅಕ್ಕಿ ಕಟ್ಟಿಕೊಂಡು ಹೊರಡುವವರಿಗೆ ಬೇಡವೆನ್ನಲು ಮನಸ್ಸಿಗೆ ಕಷ್ಟ. ಆದರೂ ಹೇಳಬೇಕು. ಕರಿಬೇವಿನ ಎಲೆಯಲ್ಲಿ ಬದುಕುವ ಒಂದು ಪುಟ್ಟ ಕೀಟ ಕಿತ್ತಳೆ ತೋಟಗಳನ್ನೇ ಕೊಲ್ಲುವ ರೋಗ ಹರಡುತ್ತದೆ. ಅಕ್ಕಿಯ ಜೊತೆ ಹೋಗುವ ಖಾಪ್ರಾ ಹುಳು ಉಗ್ರಾಣಗಳನ್ನು ಹಾಳುಮಾಡುತ್ತದೆ. ಅದಕ್ಕೇ ಅಮೆರಿಕ ಇವೆರಡನ್ನೂ ನಮ್ಮ ಪೆಟ್ಟಿಗೆಯಲ್ಲಿ ಬರಲು ಬಿಡುವುದಿಲ್ಲ. ತಿನ್ನುವ ಪದಾರ್ಥ ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಪದಾರ್ಥ ಹೋಗುತ್ತದೆ, ಮುಚ್ಚಿಟ್ಟರೆ ದಂಡ.

9. ಎರಡು ದೇಶಕ್ಕೆ ಎರಡು ವೀಸಾ

ಯೂಟಾದಿಂದ ಆಲ್ಬರ್ಟಾಕ್ಕೆ ಹೋಗುವವರು ಕೆನಡಾ ವೀಸಾವನ್ನು ಊರಿನಿಂದಲೇ ಮಾಡಿಸಿಕೊಂಡು ಹೋಗಿ.

10. ಹಿರಿಯರನ್ನು ಬಿಟ್ಟು ಹೋಗಬೇಡಿ

ಅಮ್ಮನಿಗೆ ನಡೆಯಲಾಗುವುದಿಲ್ಲ, ಅವರು ಮನೆಯಲ್ಲೇ ಇರಲಿ ಎಂದು ಮಕ್ಕಳು ಹೇಳಿದಾಗಲೆಲ್ಲ ನಾನು ವಾದ ಮಾಡುತ್ತೇನೆ. ಮೂಳೆಯ ಗೋಡೆಯ ಕಟ್ಟಡಕ್ಕೆ ಬೇಸಿಗೆಯಲ್ಲಿ ಶಟಲ್ ಬಸ್ ಇದೆ, ಗಾಲಿಕುರ್ಚಿಯವರಿಗೆ ಇಳಿಜಾರು ದಾರಿಯಿದೆ. ಗೋಡೆಯ ಕೆಳಭಾಗದ ಕೆಲವು ಮೂಳೆಗಳನ್ನು ಯಾರು ಬೇಕಾದರೂ ಕೈಯಿಂದ ಮುಟ್ಟಬಹುದು. ಅಜ್ಜಿ ಮತ್ತು ಮೊಮ್ಮಗ ಒಟ್ಟಿಗೆ 15 ಕೋಟಿ ವರ್ಷದ ಮೂಳೆ ಮುಟ್ಟಲು ಬಿಡುವ ಜಾಗಗಳು ಜಗತ್ತಿನಲ್ಲಿ ಬಹಳ ಇಲ್ಲ. ಮುಂದಿನ ಸಲ ಮಕ್ಕಳ ಮನೆಗೆ ಹೋಗುವಾಗ ನಯಾಗರಾ, ಡಿಸ್ನಿಲ್ಯಾಂಡ್‌ಗಳಿಗೆ ಇಟ್ಟ ದಿನಗಳಲ್ಲಿ ಎರಡನ್ನು ತೆಗೆದು ಇದಕ್ಕೆ ಕೊಡಿ, ಹಿರಿಯರನ್ನೂ ಕರೆದುಕೊಂಡೇ ಹೋಗಿ.